ಮುಂದಿನ ಪೀಳಿಗೆಯನ್ನು ಯೋಜನೆಯೊಳಗೆ ಕರೆತಂದ ಬಗೆ: ನನ್ನ ಅನುಭವ

ಸಮುದಾಯಗಳು ತಮ್ಮ ಜಲಮೂಲ ಮತ್ತು ಅದರ ಸುತ್ತಲಿನ ಕಾಡಿಗೆ ದೀರ್ಘಾವಧಿಯ ಯೋಜನೆ ರೂಪಿಸಿಕೊಳ್ಳುವ ಸಭೆಗಳನ್ನು ನಡೆಸಿಕೊಡುವುದು ನನ್ನ ಕೆಲಸ. ಇಂಥ ಯೋಜನೆಗಳ ಮುನ್ನುಡಿಯಲ್ಲಿ ಮುಂದಿನ ಪೀಳಿಗೆಯ ಪ್ರಸ್ತಾಪ ತಪ್ಪದೆ ಇರುತ್ತದೆ. 1987ರಲ್ಲಿ ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗವು ಸುಸ್ಥಿರ ಅಭಿವೃದ್ಧಿಗೆ ಕೊಟ್ಟ ವ್ಯಾಖ್ಯೆಯಲ್ಲಿಯೇ ಅದು ಸೇರಿದೆ. ಆದರೆ ಮುನ್ನುಡಿ ಮುಗಿದು ಖರ್ಚುವೆಚ್ಚದ ಪುಟಕ್ಕೆ ಬರುವಷ್ಟರಲ್ಲಿ ಆ ಪೀಳಿಗೆ ಕಾಣೆಯಾಗಿರುತ್ತದೆ. ಅವರನ್ನು ಆ ಪುಟದವರೆಗೂ ಕರೆತರಲು ನಾನು ಅನುಸರಿಸಿದ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲು ಇಬ್ಬರನ್ನು ಬೇರ್ಪಡಿಸಿಕೊಳ್ಳಬೇಕಾಯಿತು. ಇಂದಿನ ಮಕ್ಕಳು ನಮ್ಮೆದುರಿಗಿದ್ದಾರೆ, ತಮ್ಮ ಮಾತನ್ನು ತಾವೇ ಆಡಬಲ್ಲರು. ಇನ್ನೂ ಹುಟ್ಟದವರ ಪರವಾಗಿ ಬೇರೊಬ್ಬರು ಮಾತನಾಡಲೇಬೇಕು. ಈ ಎರಡನೆಯ ಹೊಣೆಯನ್ನೂ ಮಕ್ಕಳ ತಲೆಗೇ ಕಟ್ಟುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಹುಟ್ಟದವರ ಪರವಾಗಿ ಮಾತನಾಡುವ ಬಗೆಗೆ ನನಗೆ ದಾರಿ ತೋರಿಸಿದ್ದು ಜಪಾನಿನ ಯಹಾಬಾ ಎಂಬ ಪಟ್ಟಣದ ಪ್ರಯೋಗ. 2015ರಲ್ಲಿ ಅಲ್ಲಿನ ನಿವಾಸಿಗಳ ಒಂದು ಗುಂಪು ತಾವು 2060ರಲ್ಲಿ ಬದುಕುತ್ತಿರುವವರೆಂದು ಭಾವಿಸಿಕೊಂಡು ಊರಿನ ಯೋಜನೆಯನ್ನು ಚರ್ಚಿಸಿತು. ನೀರಿನ ವ್ಯವಸ್ಥೆಯನ್ನು ಉಳಿಸಿಕೊಳ್ಳಲು ದರ ಏರಿಸುವುದನ್ನು ಅಲ್ಲಿನ ನಿವಾಸಿಗಳೇ ಬೆಂಬಲಿಸಿದರು. ನಾನು ನಡೆಸಿದ ಸಭೆಗಳಲ್ಲಿಯೂ ಒಂದು ಗುಂಪು ಇಂದಿನದಾಗಿಯೇ ಉಳಿದರೆ, ಇನ್ನೊಂದು ನಲವತ್ತು ವರ್ಷಗಳ ನಂತರದ ಗುಂಪಾಯಿತು. ಅವರು ತಮ್ಮ ಮುಪ್ಪನ್ನು ಕಲ್ಪಿಸಿಕೊಳ್ಳಬಾರದು, ಈಗಿನ ವಯಸ್ಸಿನಲ್ಲೇ ಆ ಕಾಲದಲ್ಲಿರಬೇಕು ಎಂಬುದು ನಿಯಮ. ‘ಅವರಿಗೆ ನೀರು ಸಾಲದೇ ಹೋಗಬಹುದು’ ಎನ್ನುವಂತಿಲ್ಲ, ‘ನಮಗೆ ನೀರು ಸಾಲುತ್ತಿಲ್ಲ’ ಎನ್ನಬೇಕು. ಕ್ರಿಯಾಪದದ ಈ ಚಿಕ್ಕ ಕಟ್ಟುಪಾಡಿನಿಂದ ಚರ್ಚೆಯ ಧಾಟಿಯೇ ಬದಲಾಗುವುದನ್ನು ನಾನು ಪ್ರತಿ ಸಲವೂ ಕಂಡಿದ್ದೇನೆ.

ಒಂದು ಸಭೆಯಲ್ಲಿ ಇಂದಿನ ಗುಂಪು ಹೊಸ ಟ್ಯಾಂಕಿನ ಗಾತ್ರದ ಬಗ್ಗೆ ಬಹಳ ಹೊತ್ತು ವಾದಿಸುತ್ತಿತ್ತು. ಆಗ ಎದುರಿನ ಗುಂಪಿನ ಮಹಿಳೆಯೊಬ್ಬರು ಎದ್ದು ನಿಂತು, “ನೆಲದಡಿ ಪೈಪು ಎಲ್ಲೆಲ್ಲಿ ಹೋಗಿದೆಯೆಂದು ನೀವು ಬರೆದಿಡಲೇ ಇಲ್ಲ. ಸೋರಿಕೆ ಹುಡುಕಲು ನಾವೀಗ ಕಂಡಕಂಡಲ್ಲಿ ಅಗೆಯುತ್ತಿದ್ದೇವೆ” ಎಂದರು. ಪೈಪು ಹಾಕಿದ ಹಿರಿಯರೊಬ್ಬರು ಅಲ್ಲೇ ಇದ್ದರು. ಅವರಿಂದ ಕೇಳಿ ಕೇಳಿ ಅಂದೇ ಹಾಳೆಯ ಮೇಲೆ ನಕ್ಷೆಯ ಮೊದಲ ಗೆರೆಗಳು ಬಿದ್ದವು. ಭವಿಷ್ಯದ ಗುಂಪಿನ ಬೇಡಿಕೆಗಳು ಬಹುಪಾಲು ಇಂಥವೇ: ನಕ್ಷೆ, ದುರಸ್ತಿ ನಿಧಿ, ಬೇಗ ಬೆಳೆಯುವ ಒಂದೇ ಜಾತಿಯ ನೆಡುತೋಪಿನ ಬದಲು ನಿಧಾನವಾಗಿ ಬಲಿಯುವ ಸ್ಥಳೀಯ ಜಾತಿಯ ಮರಗಳು.

ಬೇಡಿಕೆ ಪಟ್ಟಿಯಾದ ಮೇಲೆ ಲೆಕ್ಕದ ಪ್ರಶ್ನೆ ಬರುತ್ತದೆ, ಮುಂದಿನ ಪೀಳಿಗೆ ಸದ್ದಿಲ್ಲದೆ ಸೋಲುವುದು ಇಲ್ಲಿಯೇ. ಮುಂದೆ ದೊರೆಯುವ ಲಾಭವನ್ನು ಇಂದಿನ ಬೆಲೆಗೆ ಇಳಿಸಲು ಬಳಸುವ ಡಿಸ್ಕೌಂಟ್ ದರ ವರ್ಷಕ್ಕೆ ಶೇ. 5 ಆದರೆ, ಐವತ್ತು ವರ್ಷಗಳ ನಂತರದ ನೂರರ ಲಾಭಕ್ಕೆ ಇಂದು 9ಕ್ಕಿಂತ ಕಡಿಮೆ ಬೆಲೆ. ಹವಾಮಾನ ಬದಲಾವಣೆಯ ಅರ್ಥಶಾಸ್ತ್ರವನ್ನು ಕುರಿತ 2006ರ ಸ್ಟರ್ನ್ ವರದಿಯ ಲೆಕ್ಕಕ್ಕೆ ಆಧಾರವಾಗಿದ್ದ ಶೇ. 1.4ರಷ್ಟು ದರದಲ್ಲಿ ಅದೇ ನೂರಕ್ಕೆ ಸುಮಾರು 50 ಬರುತ್ತದೆ. ಲೆಕ್ಕಿಗರು ಒಂದೇ ದರದ ಪಟ್ಟಿ ತಂದಾಗ ಎರಡೂ ದರಗಳ ಪಟ್ಟಿಯನ್ನು ಅಕ್ಕಪಕ್ಕ ಇಡುವಂತೆ ನಾನು ಒತ್ತಾಯಿಸುತ್ತೇನೆ. ದರವನ್ನು ಆರಿಸುವುದು ನ್ಯಾಯದ ಪ್ರಶ್ನೆಯಾಗಿರುವುದರಿಂದ ಅದು ಸಭೆಯಲ್ಲೇ ನಿರ್ಧಾರವಾಗಬೇಕು.

ಮಕ್ಕಳ ವಿಷಯದಲ್ಲಿ, ಮಕ್ಕಳ ಹಕ್ಕುಗಳ ವಿದ್ವಾಂಸರಾದ ಲಾರಾ ಲಂಡಿ ಅವರು 2007ರಲ್ಲಿ ಮಂಡಿಸಿದ ನಾಲ್ಕು ಅಂಶಗಳನ್ನು ಆಧಾರವಾಗಿಟ್ಟುಕೊಂಡೆ: ಮಾತಿಗೆ ಅವಕಾಶ, ದನಿ, ಕೇಳುವವರು, ಪ್ರಭಾವ. ಮೊದಲೆರಡು ಸುಲಭ. ಚಿತ್ರ ಬರೆಸಿ, ಭಾಷಣ ಮಾಡಿಸಿ, ಚಪ್ಪಾಳೆ ತಟ್ಟಿ ಕಳುಹಿಸಿದರೆ ಅವು ಈಡೇರಿದಂತೆಯೇ ಕಾಣುತ್ತವೆ. ಉಳಿದೆರಡಕ್ಕಾಗಿ, ಮಕ್ಕಳ ಪ್ರತಿಯೊಂದು ಸಲಹೆಗೂ ಸಮಿತಿಯು ಮುಂದಿನ ಸಭೆಯೊಳಗೆ ಕಾರಣಸಹಿತ ಲಿಖಿತ ಉತ್ತರ ಕೊಡಬೇಕೆಂಬ ನಿಯಮ ಮಾಡಿಸಿದೆ. ನೀರಿನ ಮಟ್ಟವನ್ನು ತಾವೇ ಅಳೆದು ದಾಖಲಿಸುತ್ತಿದ್ದ ಮಕ್ಕಳು, ಬೇಸಿಗೆಯಲ್ಲಿ ನೀರೆತ್ತುವುದನ್ನು ಪೂರ್ತಿ ನಿಲ್ಲಿಸಬೇಕೆಂದು ಕೇಳಿದ್ದರು. ಕುಡಿಯುವ ನೀರಿಗೆ ಬೇರೆ ಮೂಲವಿಲ್ಲವೆಂಬ ಕಾರಣ ಕೊಟ್ಟು ಸಮಿತಿ ಅದನ್ನು ಒಪ್ಪಲಿಲ್ಲ. ಅವರು ಆ ಉತ್ತರವನ್ನು ಓದಿ, ಮಟ್ಟ ಒಂದು ಗುರುತಿಗಿಂತ ಕೆಳಗಿಳಿದರೆ ಕುಡಿಯಲು ಬಿಟ್ಟು ಬೇರಾವುದಕ್ಕೂ ನೀರೆತ್ತಬಾರದೆಂದು ತಿದ್ದಿ ತಂದರು. ಈ ರೂಪದಲ್ಲಿ ಅದು ಯೋಜನೆಗೆ ಸೇರಿತು.

ಇದೆಲ್ಲ ಉಳಿಯುವುದು ವ್ಯಕ್ತಿಗಳ ಉತ್ಸಾಹದಿಂದಲ್ಲ. ವೇಲ್ಸ್ 2015ರಲ್ಲಿ ಭವಿಷ್ಯದ ಪೀಳಿಗೆಗಳ ಯೋಗಕ್ಷೇಮಕ್ಕೆ ಕಾಯ್ದೆಯನ್ನೇ ಮಾಡಿ, ಆಯುಕ್ತರ ಹುದ್ದೆಯನ್ನು ಸೃಷ್ಟಿಸಿತು. ಹಂಗೇರಿಯಲ್ಲಿ 2008ರಲ್ಲಿ ಆರಂಭವಾದ ಇಂಥದ್ದೇ ಸ್ವತಂತ್ರ ಹುದ್ದೆ 2012ರಲ್ಲಿ ಉಪ ಆಯುಕ್ತರ ಹುದ್ದೆಯಾಗಿ ಕಿರಿದಾಯಿತು. ಹಾಗಾಗಿ ನಾನು ಉಪನಿಯಮಗಳಿಗೆ ಹೆಚ್ಚು ಒತ್ತು ಕೊಡುತ್ತೇನೆ. ಪ್ರತಿ ನಿರ್ಣಯದ ಜೊತೆ ಅದಕ್ಕೆ ಆಧಾರವಾದ ಊಹೆಗಳನ್ನೂ ಬರೆದಿಡಬೇಕು. ಐದು ವರ್ಷಕ್ಕೊಮ್ಮೆ ನಡೆಯುವ ಮರುಪರಿಶೀಲನೆಯಲ್ಲಿ ಮೊದಲ ಸಲ ಸಮಿತಿಗೆ ಬಂದ ಯುವಜನರು ಇರಲೇಬೇಕು. ಭವಿಷ್ಯದ ಪರವಾಗಿ ಕೂರುವ ಸದಸ್ಯರ ಲಿಖಿತ ಒಪ್ಪಿಗೆಯಿಲ್ಲದೆ ದುರಸ್ತಿ ನಿಧಿಯ ಹಣವನ್ನು ಬೇರೆ ಕೆಲಸಕ್ಕೆ ತೆಗೆಯುವಂತಿಲ್ಲ. ಅತಿ ಹೆಚ್ಚು ಪ್ರತಿರೋಧ ಬಂದದ್ದು ಈ ಕೊನೆಯ ನಿಯಮಕ್ಕೆ, ಮತ್ತು ಯಾವ ಚೌಕಾಸಿಯಲ್ಲಿಯೂ ನಾನು ಬಿಟ್ಟುಕೊಡದ ನಿಯಮವೂ ಇದೇ.