ಕೂಸಿನ ಕುಲಾವಿ: 72 ಕುಣಿಕೆಯ ಲೆಕ್ಕ

ಕಡ್ಡಿ ಹಿಡಿದು ಹೆಣೆಯುವ ವಸ್ತುಗಳಲ್ಲಿ ನನಗೆ ತೀರಾ ಅಚ್ಚುಮೆಚ್ಚು ಕುಲಾವಿ. ಸ್ವೆಟರಿನಷ್ಟು ದಿನ ಹಿಡಿಯುವುದಿಲ್ಲ, ಮಫ್ಲರಿನ ಹಾಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಕೆಲಸವೂ ಅಲ್ಲ. ಒಂದು ಸಣ್ಣ ಉಂಡೆಯಲ್ಲೇ ಬಿಗಿ ಅಂಚು, ಸಾದಾ ಮೈ, ಹಿಂಭಾಗದ ತಿರುವು, ಅಂಚಿನಿಂದ ಕುಣಿಕೆ ಎತ್ತುವುದು, ಲಾಡಿಗೆ ತೂತು ಬಿಡುವುದು ಎಲ್ಲವೂ ಬಂದುಹೋಗುತ್ತದೆ. ಹಿಂಭಾಗ ತಿರುಗಿಸುವುದು ಕೈಗೆ ಹತ್ತಿತೆಂದರೆ ಕಾಲುಚೀಲದ ಹಿಮ್ಮಡಿಗೂ ಹೆದರಬೇಕಾಗಿಲ್ಲ. ಎರಡರ ಲೆಕ್ಕವೂ ಒಂದೇ ಬಗೆಯದು.

ಮೊದಲು ಅಳತೆ. ಹುಟ್ಟಿದ ಕೂಸಿನ ತಲೆಸುತ್ತು ಸುಮಾರು 34–35 ಸೆಂ.ಮೀ. ಮೂರು ತಿಂಗಳಿಗೆ 40ರ ಹತ್ತಿರ, ಆರು ತಿಂಗಳಿಗೆ 43, ವರ್ಷಕ್ಕೆ 45–46. ಮೊದಲ ಮೂರು ತಿಂಗಳಲ್ಲಿ ತಲೆ ಬೆಳೆಯುವ ವೇಗ ನೋಡಿದರೆ, ನಾಮಕರಣಕ್ಕೆಂದು ಹುಟ್ಟಿದ ಅಳತೆಗೇ ಹೆಣೆದದ್ದು ಯಾಕೆ ಬೇಗ ಬಿಗಿಯಾಗುತ್ತದೆ ಎನ್ನುವುದು ಗೊತ್ತಾಗುತ್ತದೆ. ನಾನು ಚಳಿಯ ತಿಂಗಳನ್ನು ಹಿಡಿದು ಲೆಕ್ಕ ಹಾಕುತ್ತೇನೆ. ಶ್ರಾವಣದಲ್ಲಿ ಹುಟ್ಟಿದ ಮಗುವಿಗೆ ಪುಷ್ಯದ ಚಳಿ ಬರುವಾಗ ಐದು ತಿಂಗಳು ತುಂಬಿರುತ್ತದೆ. ಅದಕ್ಕೆ ಆರು ತಿಂಗಳ ಅಳತೆಯೇ ಸರಿ. ಕುಲಾವಿಯ ಮುಂಭಾಗದ ಅಂಚು ಒಂದು ದವಡೆಯಿಂದ ನೆತ್ತಿ ಹಾದು ಇನ್ನೊಂದು ದವಡೆಗೆ ಇಳಿಯುತ್ತದೆ. ಅದಕ್ಕೆ ತಲೆಸುತ್ತಿನ ಮುಕ್ಕಾಲು ಪಾಲು ಇಟ್ಟುಕೊಂಡರೆ ಸಾಕು. ಮೂರು ತಿಂಗಳ ಕೂಸಿಗೆ 40ರಲ್ಲಿ ಮುಕ್ಕಾಲು, ಅಂದರೆ 30 ಸೆಂ.ಮೀ. ಕೆಳಗಿನ ಲೆಕ್ಕವೆಲ್ಲ ಈ ಅಳತೆಯದು.

ದಾರದ ವಿಷಯದಲ್ಲಿ ಬಣ್ಣಕ್ಕಿಂತ ಮೊದಲು ಮೆದುತನ ನೋಡಬೇಕು. ಅಂಗೈಗೆ ಉಜ್ಜಿ ನೋಡಿದರೆ ಸಾಲದು, ಅಂಗೈ ಚರ್ಮ ದಪ್ಪ. ಕತ್ತಿಗೆ ಅಥವಾ ಮೊಣಕೈ ಒಳಬದಿಗೆ ಒತ್ತಿ ನೋಡಿ. ನಮ್ಮ ಚಳ್ಳಕೆರೆ ಕಡೆಯ ಕಂಬಳಿಗೆ ಬಳಸುವ ಡೆಕ್ಕನಿ ಕುರಿಯ ಉಣ್ಣೆ ಗಟ್ಟಿ, ವರ್ಷಗಟ್ಟಲೆ ಬಾಳುತ್ತದೆ, ಆದರೆ ಕೂಸಿನ ನೆತ್ತಿಗೆ ಚುಚ್ಚುತ್ತದೆ. ಮೆರಿನೋ ಕುರಿಯ ಮೆದು ಉಣ್ಣೆ ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಅಂಗಡಿಯಲ್ಲಿ ಬೇಬಿ ವುಲ್ ಎಂದು ಸಿಗುವ ಅಕ್ರಿಲಿಕ್ ಆಗುತ್ತದೆ. ಒಗೆಯುವುದು ಸುಲಭ, ಬಾಣಂತಿ ಮನೆಯಲ್ಲಿ ಅದೂ ಮುಖ್ಯವೇ. ಹೊರಗೆ ಮಂಜು ಬೀಳುವ ಕೊಡಗು, ಚಿಕ್ಕಮಗಳೂರಿಗೆ ಉಣ್ಣೆ ಬೇಕು. ಕರಾವಳಿಯ ಮಗುವಿಗೆ ಹತ್ತಿ ದಾರವೇ ಲೇಸು. ಆದರೆ ಹತ್ತಿಗೆ ಹಿಗ್ಗಿ ಕುಗ್ಗುವ ಗುಣ ಕಡಿಮೆ, ಹಿಗ್ಗಿದ್ದು ಹಿಗ್ಗಿದಂತೆಯೇ ಉಳಿಯುತ್ತದೆ. ಹತ್ತಿಯಲ್ಲಿ ಹೆಣೆಯುವುದಾದರೆ ನಾನು ಅಂಚಿಗೆ ಇನ್ನೂ ಸಣ್ಣ ಕಡ್ಡಿ ಹಿಡಿಯುತ್ತೇನೆ. ಉದ್ದ ರೋಮ ಬಿಡುವ ಮೊಹೇರ್ ಕೂಸಿಗೆ ಬೇಡವೇ ಬೇಡ. ರೋಮ ಉದುರಿ ಬಾಯಿ ಮೂಗಿಗೆ ಹೋಗುತ್ತದೆ.

ಕುಲಾವಿಯೊಂದಕ್ಕೆ ಸುಮಾರು 30 ಗ್ರಾಂ ದಾರ ಸಾಕು. ಜೊತೆಗೆ ಸ್ವೆಟರ್ ಕೂಡ ಹೆಣೆಯುವ ಆಸೆಯಿದ್ದರೆ ಎಲ್ಲ ಉಂಡೆಗಳನ್ನೂ ಒಂದೇ ಸಲ ಕೊಳ್ಳಿ, ಸುತ್ತಿದ ಚೀಟಿಯ ಮೇಲಿನ ಡೈ ಲಾಟ್ ಸಂಖ್ಯೆ, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ಸಂಖ್ಯೆ, ಒಂದೇ ಇದೆಯೇ ನೋಡಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಒಂದೇ ಥರ ಕಂಡ ಎರಡು ಬಿಳಿಗಳು ಬಿಸಿಲಿಗೆ ತಂದಾಗ ಬೇರೆಬೇರೆ ಆಗುವುದುಂಟು.

ಕಡ್ಡಿಯಲ್ಲಿ ಒಂದು ತೊಡಕಿದೆ. ನಮ್ಮ ಅಂಗಡಿಗಳಲ್ಲಿ ಕೇಳುವ ನಂಬರು ಹಳೆಯ ಬ್ರಿಟಿಷ್ ಪದ್ಧತಿಯದು: ನಂಬರು ಏರಿದಷ್ಟೂ ಕಡ್ಡಿ ಸಣ್ಣ. 8 ಅಂದರೆ 4 ಮಿ.ಮೀ., 9 ಅಂದರೆ 3.75, 10 ಅಂದರೆ 3.25, 11 ಅಂದರೆ 3. ಅಮೆರಿಕದ ಪದ್ಧತಿ ತದ್ವಿರುದ್ಧ. ಅವರ 8 ನಂಬರು 5 ಮಿ.ಮೀ. ಅಮೆರಿಕದ ಪ್ಯಾಟರ್ನ್ ನೋಡಿ ಇಲ್ಲಿ 8 ನಂಬರು ಕೊಂಡರೆ ಒಂದು ಮಿಲಿಮೀಟರಿನ ವ್ಯತ್ಯಾಸ ಬಿದ್ದು, ಕುಲಾವಿ ಬೊಂಬೆಗೆ ಆಗುವಷ್ಟು ಚಿಕ್ಕದಾಗುತ್ತದೆ. ನಂಬರು ಬಿಟ್ಟು ಮಿಲಿಮೀಟರನ್ನೇ ನಂಬಿ. ಈ ಕುಲಾವಿಯ ಮೈಗೆ 9 ನಂಬರು, ಅಂಚಿಗೆ ಮತ್ತು ಕತ್ತಿಗೆ 11 ನಂಬರು.

ಇನ್ನು ನಮೂನೆ ತುಂಡು, ಅಂದರೆ ಕೈಯ ಬಿಗಿ ಅಳೆಯಲು ಮೊದಲೇ ಹೆಣೆದು ನೋಡುವ ಸಣ್ಣ ಚೌಕ. ಹೆಣೆಯುವವರಲ್ಲಿ ಅರ್ಧಕ್ಕರ್ಧ ಜನ ಹಾರಿಸಿಬಿಡುವ ಕೆಲಸ ಇದು, ನನ್ನ ದೃಷ್ಟಿಯಲ್ಲಿ ಇಡೀ ಹೆಣಿಗೆಯ ಜೀವಾಳ ಇದೇ. 36 ಕುಣಿಕೆ ಹಾಕಿ, ಒಂದು ಸಾಲು ಸೀದಾ (ನಿಟ್) ಒಂದು ಸಾಲು ಉಲ್ಟಾ (ಪರ್ಲ್) ಹೀಗೆ 15 ಸೆಂ.ಮೀ. ಹೆಣೆಯಿರಿ. ಎರಡೂ ಬದಿಯ ನಾಲ್ಕು ನಾಲ್ಕು ಕುಣಿಕೆಗಳನ್ನು ಎಲ್ಲ ಸಾಲಿನಲ್ಲೂ ಸೀದಾ ಹೆಣೆದರೆ ತುಂಡು ಸುರುಳಿ ಸುತ್ತುವುದಿಲ್ಲ. ತೊಳೆದು, ಎಳೆಯದೆ ಒಣಗಿಸಿ, ಆಮೇಲೆ ನಡುಭಾಗದಲ್ಲಿ 10 ಸೆಂ.ಮೀ. ಅಳೆಯಿರಿ. ನನಗೆ ಬೇಕಾದದ್ದು 24 ಕುಣಿಕೆ, 32 ಸಾಲು. 26 ಕುಣಿಕೆ ಬಂದರೆ ಕೈ ಬಿಗಿ. 72 ಕುಣಿಕೆಯ ಅಂಚು 30ರ ಬದಲು 27.7 ಸೆಂ.ಮೀ. ಆಗುತ್ತದೆ. 22 ಬಂದರೆ ಕೈ ಸಡಿಲ, ಅದೇ ಅಂಚು 32.7ಕ್ಕೆ ಹೋಗುತ್ತದೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಐದು ಸೆಂ.ಮೀ. ವ್ಯತ್ಯಾಸ, ಅಂದರೆ ಮೂರು ತಿಂಗಳ ಕೂಸಿಗೂ ವರ್ಷದ ಮಗುವಿಗೂ ಇರುವಷ್ಟು ಅಂತರ. ಕೈ ಬಿಗಿಯಾಗಿದ್ದರೆ ಬೇಕೆಂದೇ ಸಡಿಲ ಹೆಣೆಯಲು ಹೋಗಬೇಡಿ, ನಾಲ್ಕು ಸಾಲು ಆಗುವಷ್ಟರಲ್ಲಿ ಕೈ ತನ್ನ ದಾರಿ ಹಿಡಿಯುತ್ತದೆ. ಕಡ್ಡಿ ಬದಲಿಸಿ. ಹೆಣಿಗೆಯ ಹಿಂಬದಿಯಲ್ಲಿ ಎರಡೆರಡು ಸಾಲಿಗೊಂದು ಗೀರು ಬಿದ್ದಂತೆ ಕಂಡರೆ ಉಲ್ಟಾ ಸಾಲು ಸಡಿಲವಾಗುತ್ತಿದೆ ಎಂದರ್ಥ. ಉಲ್ಟಾ ಹೆಣೆಯುವ ಕೈಗೆ ಮಾತ್ರ ಒಂದು ನಂಬರು ಸಣ್ಣ ಕಡ್ಡಿ ಕೊಟ್ಟರೆ ಸರಿಹೋಗುತ್ತದೆ.

11 ನಂಬರಿನಲ್ಲಿ 72 ಕುಣಿಕೆ ಹಾಕಿಕೊಳ್ಳಿ. ಹೆಬ್ಬೆರಳಿಗೆ ದಾರ ಸುತ್ತಿ ಹಾಕುವವರು ಬಾಲ 1.2 ಮೀಟರಿನಷ್ಟು ಬಿಟ್ಟುಕೊಳ್ಳಬೇಕು, 65ನೇ ಕುಣಿಕೆಗೆ ದಾರ ಮುಗಿದರೆ ಎಲ್ಲ ಬಿಚ್ಚಬೇಕಾಗುತ್ತದೆ. ಮೊದಲ ಕುಣಿಕೆಗಳು ಕಡ್ಡಿಯ ಮೇಲೆ ಸಲೀಸಾಗಿ ಜಾರುವಷ್ಟು ಸಡಿಲ ಇರಲಿ, ಇಲ್ಲದಿದ್ದರೆ ಹಣೆಯ ಮೇಲೆ ಗೆರೆ ಮೂಡುತ್ತದೆ. ಒಂದು ಕುಣಿಕೆ ಸೀದಾ, ಒಂದು ಕುಣಿಕೆ ಉಲ್ಟಾ ಎಂದು 8 ಸಾಲು ಅಂಚು. ಆಮೇಲೆ 9 ನಂಬರಿಗೆ ಬದಲಾಯಿಸಿ ಸಾದಾ ಹೆಣಿಗೆಯಲ್ಲಿ (ನಮೂನೆ ತುಂಡಿನಂತೆ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ) 24 ಸಾಲು. ಒಟ್ಟು 32 ಸಾಲು, ಸುಮಾರು 10 ಸೆಂ.ಮೀ.

ಹೊಸಬರಿಗೆ ಕುಣಿಕೆ ಹೆಚ್ಚಾಗುವುದು ಇಲ್ಲಿಯೇ. 72 ಇದ್ದದ್ದು 75 ಆಗುತ್ತದೆ, ಎಲ್ಲಿಂದ ಬಂತೋ ತಿಳಿಯುವುದಿಲ್ಲ. ಕಾರಣ ಎರಡೇ. ಸೀದಾದಿಂದ ಉಲ್ಟಾಕ್ಕೆ ಹೋಗುವಾಗ ದಾರವನ್ನು ಎರಡು ಕಡ್ಡಿಗಳ ನಡುವಿನಿಂದ ತರದೆ ಕಡ್ಡಿಯ ಮೇಲಿಂದ ತಂದರೆ ಒಂದು ಕುಣಿಕೆ ಹೆಚ್ಚು, ಕೆಳಗೊಂದು ತೂತು. ಸಾಲಿನ ಆರಂಭದಲ್ಲಿ ದಾರ ಕಡ್ಡಿಯ ಹಿಂದಕ್ಕೆ ಎಳೆದು ನಿಂತರೆ ಮೊದಲ ಕುಣಿಕೆಯ ಎರಡು ಕಾಲುಗಳೂ ಮೇಲೆ ಬಂದು ಎರಡು ಕುಣಿಕೆಯಂತೆ ಕಾಣುತ್ತವೆ. 24ಕ್ಕೂ 48ಕ್ಕೂ ಬೇರೆ ಬಣ್ಣದ ದಾರದ ಗುರುತು ಕಟ್ಟಿ, ಪ್ರತಿ ಎಂಟು ಸಾಲಿಗೊಮ್ಮೆ ಎಣಿಸಿ. ಕುಣಿಕೆ ಜಾರಿದರೆ ಗಾಬರಿ ಬೇಡ. 3 ಮಿ.ಮೀ. ಕ್ರೋಶಾ ಕಡ್ಡಿಯಿಂದ, ಮೇಲಿನ ಅಡ್ಡ ಎಳೆಗಳನ್ನು ಒಂದೊಂದಾಗಿ ಎತ್ತಿಕೊಂಡು ಬರಬಹುದು.

ಇನ್ನೊಂದು ಸಣ್ಣ ವಿಷಯ: ಈ 32 ಸಾಲಿನಲ್ಲಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ದಾಟಿಸುವ ಅಭ್ಯಾಸ ಬಿಡಿ. ಅಂಚು ಅಂದವಾಗಿ ಕಾಣುತ್ತದೆ ನಿಜ, ಆದರೆ 32 ಸಾಲಿಗೆ 16 ಸರಪಳಿ ಮಾತ್ರ ಉಳಿದು, ಕತ್ತಿಗೆ ಕುಣಿಕೆ ಎತ್ತುವಾಗ ಸಂದು ಬೀಳುತ್ತದೆ.

ಈಗ ಹಿಂಭಾಗ. 72 ಕುಣಿಕೆಗಳನ್ನು 24, 24, 24 ಎಂದು ಮೂರು ಪಾಲು ಮಾಡಿದ್ದೇವೆ. ನಡುಪಾಲು ಮೇಲಕ್ಕೆ ಬೆಳೆಯುತ್ತಾ ಎರಡೂ ಬದಿಯ ಪಾಲುಗಳನ್ನು ಒಂದೊಂದೇ ಕುಣಿಕೆಯಾಗಿ ನುಂಗುತ್ತಾ ಹೋಗಬೇಕು. ಮುಂಬದಿಯ ಸಾಲಿನಲ್ಲಿ 47 ಸೀದಾ ಹೆಣೆಯಿರಿ. 48ನೆಯದನ್ನು ಹೆಣೆಯದೆ ದಾಟಿಸಿ, 49ನ್ನು ಸೀದಾ ಹೆಣೆದು, ದಾಟಿಸಿದ್ದನ್ನು ಅದರ ಮೇಲಿಂದ ಇಳಿಸಿ. ಎಡಗಡ್ಡಿಯಲ್ಲಿ 23 ಉಳಿದಿರುತ್ತವೆ. ಅವನ್ನು ಹಾಗೆಯೇ ಬಿಟ್ಟು ತಿರುಗಿಸಿ. ಹಿಂಬದಿ: ಮೊದಲನೆಯದನ್ನು ದಾಟಿಸಿ, 22 ಉಲ್ಟಾ, ಮುಂದಿನ ಎರಡನ್ನು ಸೇರಿಸಿ ಉಲ್ಟಾ, ತಿರುಗಿಸಿ. ಮುಂಬದಿ: ಮೊದಲನೆಯದನ್ನು ದಾಟಿಸಿ, 22 ಸೀದಾ, ಮೊದಲಿನಂತೆಯೇ ಒಂದರ ಮೇಲೊಂದು ಇಳಿಸಿ, ತಿರುಗಿಸಿ. ಹೀಗೆ ಬದಿಗಳು ಖಾಲಿಯಾಗುವವರೆಗೆ. ಬದಿಯಲ್ಲಿ ಒಟ್ಟು 48 ಕುಣಿಕೆ, ಸಾಲಿಗೊಂದು ಕಡಿಮೆ, ಆದ್ದರಿಂದ 48 ಸಾಲು. ಕೊನೆಗೆ ಕಡ್ಡಿಯ ಮೇಲೆ ನಡುವಿನ 24 ಮಾತ್ರ ಇರಬೇಕು. ದಾರ ತುಂಡರಿಸಿ.

ಇಲ್ಲಿ ಏನಾಗುತ್ತದೆ ನೋಡಿ. 48 ಸಾಲು ಅಂದರೆ 15 ಸೆಂ.ಮೀ. ಉದ್ದ. ಅದನ್ನು ಕಟ್ಟಿಹಾಕಿರುವುದು 24 ಕುಣಿಕೆಯ, ಅಂದರೆ 10 ಸೆಂ.ಮೀ. ಉದ್ದದ ಬದಿಗೆ. ಹೆಚ್ಚಾದ ಐದು ಸೆಂ.ಮೀ. ಎಲ್ಲಿಗೂ ಹೋಗಲಾರದೆ ಹೊರಕ್ಕೆ ಉಬ್ಬುತ್ತದೆ. ಕೂಸಿನ ಹಿಂದಲೆಗೆ ಬೇಕಾದ ಜಾಗ ಆ ಉಬ್ಬೇ. ಬೇರೆ ಯಾವ ಹೊಲಿಗೆಯೂ ಇಲ್ಲದೆ, ಬರೀ ಸಾಲು ಮತ್ತು ಕುಣಿಕೆಗಳ ಅಳತೆಯ ವ್ಯತ್ಯಾಸದಿಂದ ಚಪ್ಪಟೆ ಹೆಣಿಗೆ ದುಂಡಗಾಗುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಂತೋಷವೇ. ಉಬ್ಬು ಜಾಸ್ತಿ ಅನಿಸಿದರೆ ನಡುನಡುವೆ ಕೆಲವು ಸಾಲುಗಳಲ್ಲಿ ಬದಿಯಿಂದ ಒಂದರ ಬದಲು ಎರಡು ಕುಣಿಕೆ ಸೇರಿಸಿಕೊಳ್ಳಿ. ಎಡಕ್ಕೂ ಬಲಕ್ಕೂ ಸಮನಾಗಿರಲಿ. ಜೋಡಿಸುವ ಕಡೆ ತೂತು ಸಾಲಾಗಿ ಕಂಡರೆ, ತಿರುಗಿಸಿದ ಮೇಲಿನ ಮೊದಲ ಎರಡು ಕುಣಿಕೆಗೆ ದಾರವನ್ನು ಸ್ವಲ್ಪ ಬಿಗಿ ಹಿಡಿಯಿರಿ.

ಕತ್ತಿಗೆ ಮತ್ತೆ 11 ನಂಬರು. ಮುಂಬದಿ ನಮ್ಮ ಕಡೆಗಿರುವಂತೆ ಹಿಡಿದು, ಬಲ ಮೂಲೆಯಿಂದ ಹೊಸದಾಗಿ ದಾರ ಸೇರಿಸಿ, 32 ಸಾಲಿನ ಅಂಚಿನಿಂದ 20 ಕುಣಿಕೆ ಎತ್ತಿ, ಅಂದರೆ 8 ಸಾಲಿಗೆ 5ರಂತೆ. ನಡುವಿನ 24ನ್ನು ಒಂದು ಸೀದಾ, ಎರಡು ಸೇರಿಸಿ ಸೀದಾ ಎಂದು ಎಂಟು ಸಲ ಹೆಣೆದರೆ 16 ಆಗುತ್ತದೆ. ಆಚೆ ಬದಿಯಿಂದ ಇನ್ನು 20. ಒಟ್ಟು 56. ಪೂರಾ 72 ಎತ್ತಿದರೆ ಕತ್ತು ಅಗಲವಾಗಿ ಕುಲಾವಿ ಹಿಂದಕ್ಕೆ ಜಾರುತ್ತದೆ. ಮೂರು ಸಾಲು ಒಂದು ಸೀದಾ ಒಂದು ಉಲ್ಟಾ. ನಾಲ್ಕನೆಯದು ತೂತಿನ ಸಾಲು: ಒಂದು ಸೀದಾ, ಆಮೇಲೆ ದಾರ ಮುಂದೆ ತಂದು ಎರಡು ಸೇರಿಸಿ ಸೀದಾ ಎಂದು 27 ಸಲ, ಕೊನೆಗೆ ಒಂದು ಸೀದಾ. ಮತ್ತೆ ಮೂರು ಸಾಲು ಅಂಚು ಹೆಣೆದು, 9 ನಂಬರಿನ ಕಡ್ಡಿಯಿಂದ ಸಡಿಲವಾಗಿ ಮುಚ್ಚಿ.

ಲಾಡಿ ಎಂದರೆ ಎಲ್ಲರಿಗೂ ಗೊಂಡೆ ಕಟ್ಟುವ ಆಸೆ. ದಯವಿಟ್ಟು ಬೇಡ. ಕೂಸು ಗೊಂಡೆಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ, ಎಳೆ ಕಿತ್ತು ಬರುತ್ತದೆ. ಐದಾರು ಕುಣಿಕೆ ಅಗಲದ ಚಪ್ಪಟೆ ಪಟ್ಟಿ ಹೆಣೆದು, ತೂತುಗಳಲ್ಲಿ ಹಾಯಿಸಿ, ಹಿಂದೆ ನಡುಮಧ್ಯದಲ್ಲಿ ಎರಡು ಹೊಲಿಗೆ ಹಾಕಿ ಭದ್ರ ಮಾಡಿ, ಎಳೆದರೂ ಹೊರಬರಬಾರದು. ಕಟ್ಟಿಕೊಳ್ಳಲು ಮುಂದೆ ಎರಡೂ ಕಡೆ 15 ಸೆಂ.ಮೀ. ಉಳಿದರೆ ಸಾಕು. ಮಲಗಿಸುವಾಗ ಕುಲಾವಿ ತೆಗೆಯಬೇಕೆಂದು ಕೊಡುವಾಗಲೇ ಹೇಳಿ. ಹೊದ್ದು ಮಲಗಿದ ಕೂಸು ಮೈಯ ಕಾವನ್ನು ಹೊರಬಿಡುವುದರಲ್ಲಿ ತಲೆಯ ಪಾಲು ದೊಡ್ಡದು, ಕುತ್ತಿಗೆಗೆ ಲಾಡಿ ಸುತ್ತಿಕೊಳ್ಳುವ ಭಯವೂ ಇದೆ.

ಉಣ್ಣೆಯದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನೆನೆಸಿ, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಕವುಚಿದ ಬಟ್ಟಲಿನ ಮೇಲೆ ನೆರಳಲ್ಲಿ ಒಣಗಿಸಿ. ಬಿಸಿನೀರಿನಲ್ಲಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಕುಗ್ಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಅಕ್ರಿಲಿಕ್‌ಗೆ ಇಸ್ತ್ರಿ ಮುಟ್ಟಿಸಬೇಡಿ, ಎಳೆ ಸತ್ತು ಜೋತುಬೀಳುತ್ತದೆ.

ಬೇರೆ ಅಳತೆಗೆ ಕುಣಿಕೆಗಳು ಮೂರರಿಂದ ಭಾಗವಾದರೆ ಆಯಿತು: ಹುಟ್ಟಿದ ಕೂಸಿಗೆ 60 ಕುಣಿಕೆ, 26 ಸಾಲು; ಆರು ತಿಂಗಳಿಗೆ 78, 36 ಸಾಲು; ವರ್ಷದ ಮಗುವಿಗೆ 84, 38 ಸಾಲು. ಹಿಂಭಾಗದ ಸಾಲುಗಳು ಯಾವಾಗಲೂ ಎರಡು ಬದಿಗಳ ಕುಣಿಕೆಗಳಷ್ಟೇ. 50 ಗ್ರಾಂ ಉಂಡೆಯಾದರೆ ಉಳಿಯುವ 20 ಗ್ರಾಂ ದಾರಕ್ಕೆ ಪುಟ್ಟ ಕಾಲುಚೀಲ ಒಂದು ಜೊತೆ ಆಗುತ್ತದೆ. ಅದನ್ನು ಹೆಣೆದ ಮೇಲೆ ಒಳಮಗ್ಗುಲು ಹೊರಮಾಡಿ ಒಂದೂ ಸಡಿಲ ಎಳೆ ಉಳಿಯದಂತೆ ನೋಡಿ. ಕೂಸಿನ ಕಾಲ್ಬೆರಳಿಗೆ ಎಳೆ ಸುತ್ತಿಕೊಂಡರೆ ರಕ್ತ ಓಡದೆ ಬೆರಳು ಬಾಯುತ್ತದೆ, ಅಳುವ ಮಗುವಿನ ಕಾಲುಚೀಲ ಬಿಚ್ಚಿ ನೋಡುವುದು ಯಾರಿಗೂ ಹೊಳೆಯುವುದಿಲ್ಲ. ದಾರದ ತುದಿಗಳನ್ನು ಒಳಗೆ ಐದಾರು ಸೆಂ.ಮೀ. ಓರೆಯಾಗಿ ಸೇರಿಸಿ, ಅಕ್ರಿಲಿಕ್ ಆದರೆ ಹೋದ ದಾರಿಯಲ್ಲೇ ಇನ್ನೊಮ್ಮೆ ಹಿಂದಕ್ಕೆ ತಂದು, ಆಮೇಲೆ ಕತ್ತರಿಸಿ.