ಮೆಟಪಾಂಟೊ ಹೊಲಗಳಲ್ಲಿ ಬೋಕಿ ಆಯುವ ಕ್ರಮ

ದಕ್ಷಿಣ ಇಟಲಿಯ ಬ್ರಾದಾನೊ, ಬಸೆಂತೊ ನದಿಗಳ ನಡುವಿನ ಬಯಲು ಹಿಂದೆ ಗ್ರೀಕ್ ವಸಾಹತು ಮೆಟಪಾಂಟೊದ ಬೇಸಾಯದ ಸೀಮೆ. ನಾಣ್ಯದ ಮೇಲೂ ಬಾರ್ಲಿ ತೆನೆ ಅಚ್ಚು ಹಾಕಿಸಿಕೊಂಡಿದ್ದ ಊರು ಅದು. ಕ್ರಿ.ಪೂ. 7ನೇ ಶತಮಾನದಲ್ಲಿ ಗ್ರೀಕರು ನೆಲೆಯೂರುವ ಮೊದಲೇ ಅಲ್ಲಿ ಸ್ಥಳೀಯರ ಹಟ್ಟಿಗಳಿದ್ದವು. ನೆಲ ಅಗೆಯದೆ, ಮೇಲೆ ಬಿದ್ದಿರುವ ಬೋಕಿಗಳಿಂದಲೇ ಇಬ್ಬರ ನೆಲೆಗಳನ್ನೂ ಗುರುತಿಸಬೇಕು.

ಪುರಾತತ್ವ ಇಲಾಖೆಯ ಅನುಮತಿ, ಹೊಲದವರ ಒಪ್ಪಿಗೆ ಎರಡೂ ಬೇಕು. ಗೋಧಿಯ ಕೂಳೆ ನಿಂತಿರುವಾಗ ಹೋಗಿ ಪ್ರಯೋಜನವಿಲ್ಲ. ಆಗತಾನೆ ಉತ್ತ ಹೊಲವೂ ಬೇಡ, ಬೋಕಿಗೆ ಮಣ್ಣು ಮೆತ್ತಿರುತ್ತದೆ. ಉಳುಮೆಯಾಗಿ ಒಂದೆರಡು ಮಳೆ ಬಿದ್ದು ಹೆಂಟೆ ಕರಗಿದ ಮೇಲೆ ಇಳಿಯುತ್ತೇವೆ.

ಸಾಲಾಗಿ ಹೊಲದ ಮೇಲೆ ನಡೆಯುತ್ತೇವೆ, ಒಬ್ಬರಿಂದೊಬ್ಬರಿಗೆ 10 ಮೀಟರ್ ಅಂತರ. ಒಬ್ಬರ ಕಣ್ಣಿಗೆ ಎಡಕ್ಕೊಂದು, ಬಲಕ್ಕೊಂದು ಮೀಟರ್ ನೆಲ ಚೆನ್ನಾಗಿ ಸಿಗುತ್ತದೆ. ಅಂದರೆ ನೋಡಿದ್ದು ಹೊಲದ ಐದರಲ್ಲೊಂದು ಪಾಲು ಅಷ್ಟೇ. ನೆಲ ಎಷ್ಟು ಕಾಣುತ್ತಿದೆ ಎಂಬುದಕ್ಕೆ 1ರಿಂದ 5ರವರೆಗಿನ ಅಂಕವನ್ನು ಎಣಿಕೆಗೆ ಮೊದಲೇ ಬರೆದಿಡಬೇಕು. ಬೋಕಿ ಕಂಡ ಮೇಲೆ ಕೊಟ್ಟ ಅಂಕ ನಂಬಿಕೆಗೆ ಬರುವುದಿಲ್ಲ. ಹೆಂಚಿನ ಚೂರಿಗೂ ಮಡಕೆ ಚೂರಿಗೂ ಬೇರೆ ಬೇರೆ ಲೆಕ್ಕ.

ಗ್ರೀಕರ ತೋಟದಮನೆ ಸುಲಭವಾಗಿ ಸಿಕ್ಕಿಬೀಳುತ್ತದೆ: ಹೆಂಚಿನ ರಾಶಿ, ಕಪ್ಪು ಮೆರುಗಿನ ಬಟ್ಟಲ ಚೂರು, ಕಾಳು ತುಂಬುವ ದಪ್ಪ ಮಣ್ಣಿನ ವಾಡೆಯ ತುಂಡು, ಬೀಸುಕಲ್ಲು, ಮಗ್ಗದ ನೂಲಿಗೆ ಕಟ್ಟುವ ಮಣ್ಣಿನ ಗುಂಡು. ನಯವಾದ ಪಾತ್ರೆಗಳಷ್ಟೇ ಇದ್ದು ಜೊತೆಗೆ ಮೂಳೆ, ಕಲ್ಲುಚಪ್ಪಡಿ ಕಂಡರೆ ಸಮಾಧಿ ಎಂದು ಅನುಮಾನಿಸಿ. ತೆಳುವಾಗಿ ಎಲ್ಲೆಡೆ ಹರಡಿದ ಬೋಕಿ ಎಷ್ಟೋ ಸಲ ಗೊಬ್ಬರದ ಜೊತೆ ಹೊಲಕ್ಕೆ ಬಂದದ್ದು, ಅದನ್ನು ಮನೆಯೆಂದು ಬರೆಯಬೇಡಿ.

ಕಷ್ಟವಿರುವುದು ಸ್ಥಳೀಯರ ಹಟ್ಟಿ ಹುಡುಕುವಲ್ಲಿ. ಹೆಂಚಿಲ್ಲ, ತಡಿಕೆಗೆ ಮೆತ್ತಿದ ಮಣ್ಣು ಸುಟ್ಟು ಗಟ್ಟಿಯಾಗಿದ್ದರೆ ಮಾತ್ರ ಉಳಿದಿರುತ್ತದೆ, ಕೆಲವದರಲ್ಲಿ ಕಡ್ಡಿಯ ಅಚ್ಚು ಕಾಣುತ್ತದೆ. ಇಂಪಾಸ್ತೊ ಎನ್ನುವ ಅವರ ಮಡಕೆ ಕೈಯಲ್ಲೇ ತಟ್ಟಿದ್ದು, ಕಡಿಮೆ ಕಾವಿನಲ್ಲಿ ಬೆಂದದ್ದು, ಬಣ್ಣವೂ ಮಣ್ಣಿನದೇ. ನೇಗಿಲಿಗೂ ಮಳೆಗೂ ಸಿಕ್ಕು ಪುಡಿಯಾಗುತ್ತದೆ. ನಡೆಯುತ್ತಾ ಹೋದರೆ ಹೆಂಟೆಯೆಂದೇ ದಾಟಿಬಿಡುತ್ತೇವೆ. ಹಾಗಾಗಿ ಒಂದು ಚೂರು ಕಂಡರೂ ಅಲ್ಲೇ 5 ಮೀಟರ್ ಚೌಕ ಹಾಕಿ ಮಂಡಿಯೂರಿ ಹುಡುಕುತ್ತೇವೆ. ಅನುಮಾನದ ತುಂಡಿನ ಅಂಚು ಮುರಿದು ನೋಡಿ: ಒಳಗೆ ಕಪ್ಪು, ನಡುನಡುವೆ ಮರಳುಕಾಳು ಇದ್ದರೆ ಮಡಕೆ. ಇಲ್ಲಿ ನೂರು ಹೆಂಚಿಗಿಂತ ಇಂಪಾಸ್ತೊದ ನಾಲ್ಕು ಚೂರಿಗೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಬರೀ ಸಂಖ್ಯೆ ಹೋಲಿಸಿದರೆ ಗ್ರೀಕರೇ ಎಲ್ಲೆಲ್ಲೂ ಇದ್ದಂತೆ ಕಾಣುತ್ತದೆ.

ನಕ್ಷೆಯ ಖಾಲಿ ಜಾಗವನ್ನೂ ನಂಬುವಂತಿಲ್ಲ. ನದಿಬದಿಯ ತಗ್ಗಿನಲ್ಲಿ ಹಳೆಯ ನೆಲ ಮೆಕ್ಕಲಿನಡಿ ಹೂತುಹೋಗಿದೆ, ಅಲ್ಲಿ ಕಾಲುವೆಯ ದಂಡೆ ಕೊರೆದಿರುವ ಕಡೆ ನೋಡಬೇಕು. ಇಳಿಜಾರಿನ ಬುಡದಲ್ಲಿ ಅಂಚು ಸವೆದ ಬೋಕಿ ಸಿಕ್ಕರೆ ಮನೆ ಮೇಲ್ಗಡೆ ಇದ್ದಿರಬಹುದು.

ಚೀಲಕ್ಕೆ ಹಾಕುವುದು ಬಾಯಂಚು, ತಳ, ಹಿಡಿ, ಬಣ್ಣ ಬರೆದ ಚೂರು. ಕಾಲ ತಿಳಿಯುವುದು ಇವುಗಳಿಂದಲೇ. ಹೊಲದ ಸಂಖ್ಯೆಯ ಚೀಟಿ ಚೀಲದ ಒಳಗೊಂದು, ಹೊರಗೊಂದು. ಕಪ್ಪು ಮೆರುಗಿನದನ್ನು ಮೆತ್ತನೆ ಬ್ರಷ್‌ನಿಂದ ತೊಳೆಯಬಹುದು. ಇಂಪಾಸ್ತೊವನ್ನು ನೀರಲ್ಲಿ ನೆನೆಹಾಕಿದರೆ ಮೆತ್ತಗಾಗಿ ಉದುರುತ್ತದೆ. ನೆರಳಲ್ಲಿ ಒಣಗಿಸಿ ಒಣ ಬ್ರಷ್ ಆಡಿಸಿದರೆ ಸಾಕು.