ಬ್ಯಾಕಪ್ ಫೋನ್ ಸರ್ವರ್ ತಾನೇ ರೀಬೂಟ್ ಆಗುತ್ತಿದ್ದಾಗ

ಫೋನ್ ವ್ಯವಸ್ಥೆಯ ಬ್ಯಾಕಪ್ ಸರ್ವರ್ ಕೆಟ್ಟಿದೆ ಅಂತ ಗೊತ್ತಾಗುವುದು ಅದು ಬೇಕಾದ ಹೊತ್ತಿನಲ್ಲೇ. ಅಲ್ಲಿಯವರೆಗೆ ಪಿಂಗ್‌ಗೆ (ಮೆಷಿನ್ ಬದುಕಿದೆಯಾ ಅಂತ ನೆಟ್‌ವರ್ಕ್‌ನಲ್ಲಿ ಕೇಳುವ ಪರೀಕ್ಷೆ) ಉತ್ತರ ಕೊಡುತ್ತದೆ, ಹಸಿರು ದೀಪ ಉರಿಯುತ್ತದೆ. ನಾನು ನೋಡಿಕೊಳ್ಳುವ ಆಸ್ಟೆರಿಸ್ಕ್ (ಕಂಪ್ಯೂಟರನ್ನು ಫೋನ್ ಎಕ್ಸ್‌ಚೇಂಜ್ ಮಾಡುವ ಸಾಫ್ಟ್‌ವೇರ್) ಬ್ಯಾಕಪ್ ಕೂಡ ಸುಮ್ನೆ ಇದ್ದಾಗ ಚೆನ್ನಾಗೇ ಇತ್ತು. ಕರೆಗಳು ಜಾಸ್ತಿಯಾದರೆ ಮಾತ್ರ ತಾನೇ ರೀಬೂಟ್ ಆಗುತ್ತಿತ್ತು.

ಮೊದಲು ಸಿಸ್ಟಮ್ ಲಾಗ್ ನೋಡಿದೆ. ಶಟ್‌ಡೌನ್ ಆದ ಸಾಲುಗಳಿಲ್ಲ, ಕರ್ನಲ್ ಪ್ಯಾನಿಕ್ (ಆಪರೇಟಿಂಗ್ ಸಿಸ್ಟಮ್ ತಾನೇ ಕುಸಿದ ಗುರುತು) ಇಲ್ಲ. ಲಾಗ್ ಇದ್ದಕ್ಕಿದ್ದಂತೆ ನಿಂತು, ಮುಂದಿನ ಸಾಲಿಗೆ ಬೂಟ್ ಶುರು. ಹೀಗೆ ಕಂಡರೆ ನಾನು ಸಾಫ್ಟ್‌ವೇರ್ ಬಿಟ್ಟು ಪವರ್ ಮತ್ತು ರ‍್ಯಾಮ್ ಕಡೆ ತಿರುಗುತ್ತೇನೆ. ಇಸಿಸಿ, ಅಂದರೆ ರ‍್ಯಾಮ್ ತಾನೇ ಪತ್ತೆಹಚ್ಚುವ ದೋಷಗಳ ಎಣಿಕೆ ಸೊನ್ನೆ ಇತ್ತು. ರಾತ್ರಿಯಿಡೀ ಓಡಿಸಿದ ರ‍್ಯಾಮ್ ಪರೀಕ್ಷೆ ಮೆಮ್‌ಟೆಸ್ಟ್‌ನಲ್ಲೂ ಏನೂ ಸಿಗಲಿಲ್ಲ.

ಸುಳಿವು ಸಿಕ್ಕಿದ್ದು ಹಾರ್ಡ್‌ವೇರ್ ಮೇಲೆ ಕಣ್ಣಿಡುವ ಐಪಿಎಂಐ ಲಾಗ್‌ನಲ್ಲಿ. ಇದನ್ನು ಮದರ್‌ಬೋರ್ಡ್ ಮೇಲಿನ ಪ್ರತ್ಯೇಕ ಚಿಪ್ ಬರೆದಿಡುತ್ತದೆ, ಹಾಗಾಗಿ ಆಪರೇಟಿಂಗ್ ಸಿಸ್ಟಮ್ ಸತ್ತರೂ ಇದು ಉಳಿಯುತ್ತದೆ. ಅಲ್ಲಿ ಪವರ್ ಸಪ್ಲೈ ಕೊಡುವ 12 ವೋಲ್ಟ್ ಲೈನ್ ಮಿತಿಗಿಂತ ಕೆಳಗೆ ಇಳಿದ ದಾಖಲೆ ಇತ್ತು. ಆ ಲೈನ್‌ಗೆ ಶೇ. 5ರಷ್ಟು ಏರಿಳಿತ ಸರಿ, ಅಂದರೆ 11.4 ವೋಲ್ಟ್‌ವರೆಗೆ ನಡೆಯುತ್ತದೆ.

ಖಚಿತ ಮಾಡಿಕೊಳ್ಳಲು ಲೋಡ್ ಬೇಕಲ್ವಾ? ಕರೆಗಳನ್ನು ಸೃಷ್ಟಿಸುವ ಪರೀಕ್ಷಾ ಸಾಧನ ಎಸ್‌ಐಪಿಪಿಯಿಂದ ಸುಳ್ಳು ಕರೆಗಳನ್ನು ಸುರಿದೆ. ಎರಡೂ ಕಡೆ ಒಂದೇ ಕೋಡೆಕ್ (ಧ್ವನಿಯನ್ನು ಡಿಜಿಟಲ್ ಆಗಿ ಬರೆಯುವ ವಿಧಾನ) ಇದ್ದರೆ ಪ್ರೊಸೆಸರ್‌ಗೆ ಅಷ್ಟೇನೂ ಕೆಲಸ ಬೀಳುವುದಿಲ್ಲ. ಅದಕ್ಕೇ ಒಂದು ಕಡೆ ಜಿ.711, ಇನ್ನೊಂದು ಕಡೆ ಜಿ.729 ಎಂಬ ಬೇರೆ ಬೇರೆ ಕೋಡೆಕ್ ಇಟ್ಟು, ರೆಕಾರ್ಡಿಂಗ್ ಕೂಡ ಆನ್ ಮಾಡಿದೆ. ಕರೆಗಳು ಏರಿದಂತೆ ವೋಲ್ಟೇಜ್ ಇಳಿಯಿತು, ಆಮೇಲೆ ಮೆಷಿನ್ ಮಲಗಿತು. ಬೇರೆ ಯಾವುದನ್ನೂ ಮುಟ್ಟದೆ ಪವರ್ ಸಪ್ಲೈ ಒಂದನ್ನೇ ಬದಲಿಸಿ, ಅದೇ ಪರೀಕ್ಷೆ ಮತ್ತೆ ಓಡಿಸಿದೆ. ಈ ಸಲ ಮೆಷಿನ್ ಬೀಳದೆ ತಡೆದುಕೊಂಡಿತು! ಒಟ್ಟಿಗೆ ಎರಡು ಭಾಗ ಬದಲಿಸಿದ್ದರೆ ಯಾವುದು ಕೆಟ್ಟಿತ್ತು ಅಂತ ಹೇಳಲು ಆಗುತ್ತಿರಲಿಲ್ಲ. ಹಳೆಯ ಸಪ್ಲೈ ಬಿಚ್ಚಿ ನೋಡಲಿಲ್ಲ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ಚಾರ್ಜ್ ಉಳಿದಿರಬಹುದು.

ಪವರ್ ತೆಗೆದಿದ್ದರಿಂದ ಇನ್ನೊಂದು ವಿಷಯ ಹೊರಬಿತ್ತು. ಗಡಿಯಾರ ಹಳೆಯ ವರ್ಷಕ್ಕೆ ಹೋಗಿತ್ತು. ಪವರ್ ಇಲ್ಲದಾಗ ಗಡಿಯಾರ ಓಡಿಸುವ ಸಿಆರ್2032 ಬ್ಯಾಟರಿ ಮುಗಿದಿತ್ತು. ಬೂಟ್ ಆದ ಮೇಲೆ ಎನ್‌ಟಿಪಿ (ನೆಟ್‌ವರ್ಕ್‌ನಿಂದ ಸಮಯ ತರುವ ವ್ಯವಸ್ಥೆ) ಬಂದು ಸಮಯ ಸರಿಪಡಿಸುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಹೊರಗಿನ ನೆಟ್‌ವರ್ಕ್ ಕೂಡ ಇಲ್ಲದ ದಿನ ಟಿಎಲ್‌ಎಸ್ ಸರ್ಟಿಫಿಕೇಟ್‌ಗಳು (ಸುರಕ್ಷಿತ ಸಂಪರ್ಕಕ್ಕೆ ಬೇಕಾದ, ಅವಧಿ ಇರುವ ಗುರುತುಪತ್ರಗಳು) ಒಪ್ಪಿಗೆಯಾಗದೆ ಫೋನ್‌ಗಳು ಸರ್ವರ್‌ನಲ್ಲಿ ನೋಂದಣಿಯೇ ಆಗದಿರಬಹುದು.

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಸ್ಮಾರ್ಟ್ ಅಂಕಿಗಳಲ್ಲಿ, ಕೆಟ್ಟ ಜಾಗಗಳನ್ನು ಎಣಿಸುವ 5 ಮತ್ತು 197ನೇ ಸಾಲುಗಳು ಸೊನ್ನೆ, ಡೇಟಾ ಸಾಗಣೆಯ ದೋಷ ಎಣಿಸುವ 199ನೇ ಸಾಲು ಮಾತ್ರ ಏರುತ್ತಿತ್ತು. ಅದು ಹೆಚ್ಚಾಗಿ ಕೇಬಲ್ ದೋಷ. ಕೇಬಲ್ ಬದಲಿಸಿದೆ, ಎಣಿಕೆ ಅಲ್ಲೇ ನಿಂತಿತು.

ಹೊರಗಿನ ಟೆಲಿಫೋನ್ ಲೈನ್ ಬಂದು ಸೇರುವ ಪಿಆರ್‌ಐ ಕಾರ್ಡ್‌ನಲ್ಲಿ ರೆಡ್ ಅಲಾರ್ಮ್ (ಸಿಗ್ನಲ್ ಸರಿಯಾಗಿ ಬರುತ್ತಿಲ್ಲ ಎಂಬ ಎಚ್ಚರಿಕೆ) ಕೂಡ ಇತ್ತು. ಒಂದು ಆರ್‌ಜೆ45 ಪ್ಲಗ್‌ನಲ್ಲಿ 1ನೇ ಪಿನ್ ಅನ್ನು 4ಕ್ಕೆ, 2ನೇ ಪಿನ್ ಅನ್ನು 5ಕ್ಕೆ ಸೇರಿಸಿ, ಕಾರ್ಡ್ ಕಳಿಸಿದ್ದು ಅದಕ್ಕೇ ವಾಪಸ್ ಬರುವ ಹಾಗೆ ಲೂಪ್‌ಬ್ಯಾಕ್ ಮಾಡಿ ಕಾರ್ಡ್‌ಗೆ ಚುಚ್ಚಿದೆ. ಅಲಾರ್ಮ್ ಹೋಯಿತು. ಕಾರ್ಡ್ ಸರಿ ಇದೆ, ತೊಂದರೆ ಹೊರಗಿನ ವೈರ್ ಅಥವಾ ಲೈನ್‌ನಲ್ಲಿ ಅಂತಾಯಿತು. ಲೈನ್ ಕೊಡುವವರಿಗೆ ದೂರು ಬರೆಯುವಾಗ ಈ ಫಲಿತಾಂಶವನ್ನೂ ಸೇರಿಸಿದೆ, ಇಲ್ಲದಿದ್ದರೆ ಅವರು ಮೊದಲು ನಮ್ಮ ಕಾರ್ಡ್ ಕಡೆಗೇ ಬೆರಳು ತೋರಿಸುತ್ತಾರೆ.